ಕ್ಯಾಂಪರ್ ವ್ಯಾನಿಗೆ ಯಾವ ಘಾಟಿ? ಆಗುಂಬೆ, ಹುಲಿಕಲ್, ನಾಗೋಡಿ, ಗೇರುಸೊಪ್ಪ

ಶಿವಮೊಗ್ಗದಿಂದ ಕರಾವಳಿಗೆ ಇಳಿಯೋಕೆ ಮುಖ್ಯವಾಗಿ ನಾಲ್ಕು ದಾರಿ. ಕಾರಲ್ಲಿ ಹೋಗುವವರಿಗೆ ಯಾವುದಾದರೂ ನಡೆಯುತ್ತೆ. ಆದರೆ ಟೆಂಪೋ ಟ್ರಾವೆಲರ್ ಗಾತ್ರದ ಗಾಡಿ, ಅದರೊಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಪಾತ್ರೆ ಪಗಡ ಎಲ್ಲ ಹೊತ್ತುಕೊಂಡು ಹೊರಟರೆ ಲೆಕ್ಕಾಚಾರವೇ ಬೇರೆ. ಬಾಡಿಗೆ ಕ್ಯಾಂಪರ್ ವ್ಯಾನನ್ನು ಈ ನಾಲ್ಕೂ ಘಾಟಿಗಳಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಇಳಿಯೋದು ಗೇರುಸೊಪ್ಪದಲ್ಲಿ, ಹತ್ತೋದು ಕೊಲ್ಲೂರಿನಿಂದ ನಾಗೋಡಿ ಮೇಲೆ, ರಾತ್ರಿ ಮಲಗೋದು ಆದಷ್ಟೂ ಘಟ್ಟದ ಮೇಲೆ.

ಮೊದಲು ಆಗುಂಬೆ, ಯಾಕೆಂದರೆ ಎಲ್ಲರೂ ಕೇಳೋದು ಅದನ್ನೇ. ತೀರ್ಥಹಳ್ಳಿ ದಾಟಿ ಆಗುಂಬೆವರೆಗೆ ದಾರಿ ಸುಖ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವಾಗ ಹದಿನಾಲ್ಕು ತಿರುವು, ಒಂದೊಂದೂ ಕತ್ತು ತಿರುಗಿಸಿದ ಹಾಗೆ. ಈ ಘಾಟಿಯಲ್ಲಿ ದೊಡ್ಡ ಬಸ್ಸಿಲ್ಲ, ಓಡಾಡೋದು ಮಿನಿ ಬಸ್ಸುಗಳೇ. ಅದೊಂದೇ ಸಾಕು ರಸ್ತೆ ಎಂಥದ್ದು ಅಂತ ತಿಳಿಯೋಕೆ. ನಮ್ಮ ವ್ಯಾನಿನ ಹಿಂಭಾಗ ಉದ್ದ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಎದುರಿನ ಗಾಡಿ ನಿಂತು ದಾರಿ ಬಿಟ್ಟರೆ ಮಾತ್ರ ತಿರುವು ಮುಗಿಯುತ್ತೆ. ಸೂರ್ಯಾಸ್ತ ನೋಡುವ ಜಾಗದಲ್ಲಿ ಶನಿವಾರ, ಭಾನುವಾರ ಇಷ್ಟು ದೊಡ್ಡ ಗಾಡಿ ನಿಲ್ಲಿಸೋಕೆ ಜಾಗವೇ ಸಿಗಲ್ಲ. ಕಾಡು ನೋಡೋಕೆ ಇದಕ್ಕಿಂತ ಚೆಂದದ ಘಾಟಿ ಇಲ್ಲ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಓಡಿಸುವವನಿಗೆ ಕಾಡು ಕಾಣಲ್ಲ, ಕಾಣೋದು ತಡೆಗೋಡೆ ಮಾತ್ರ. ಆಗುಂಬೆ ನೋಡಲೇಬೇಕು ಅಂದರೆ ವ್ಯಾನನ್ನು ಊರಲ್ಲೇ ನಿಲ್ಲಿಸಿ ಮಿನಿ ಬಸ್ಸಿನಲ್ಲಿ ಸೋಮೇಶ್ವರಕ್ಕೆ ಇಳಿದು ಬನ್ನಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಇನ್ನೇನೂ ಬೇಡ.

ಇಲ್ಲೊಂದು ಮಾತು ಹೇಳಿಬಿಡಬೇಕು, ನಾಲ್ಕೂ ಘಾಟಿಗೆ ಅನ್ವಯಿಸೋದು. ನೀರಿನ ಟ್ಯಾಂಕ್ ಅರ್ಧ ತುಂಬಿಕೊಂಡು ತಿರುವಿಗೆ ಇಳೀಬೇಡಿ. ಅರ್ಧ ಟ್ಯಾಂಕಿನ ನೀರು ತಿರುವಿನಲ್ಲಿ ಒಂದು ಮಗ್ಗುಲಿಗೆ ನುಗ್ಗುತ್ತೆ, ಗಾಡಿ ಆ ಕಡೆ ವಾಲುತ್ತೆ, ಸ್ಟೀರಿಂಗ್ ನೇರ ಮಾಡಿದ ಮೇಲೂ ಒಂದು ಕ್ಷಣ ವಾಪಸ್ ತೂಗುತ್ತೆ. ಪೂರ್ತಿ ತುಂಬಿದರೆ ತುಳುಕಲ್ಲ, ಆದರೆ ನೂರು ಲೀಟರ್ ಅಂದರೆ ನೂರು ಕೆ.ಜಿ. ಭಾರ. ನಾನು ಖಾಲಿ ಮಾಡಿಯೇ ಇಳಿಯೋದು, ಕೆಳಗೆ ತುಂಬಿಸಿಕೊಳ್ಳೋದು. ಬೀರುವಿನ ಚಿಲಕಕ್ಕೆ ಹಗ್ಗ ಕಟ್ಟಿ, ಸಾಸಿವೆ ಡಬ್ಬಿ ಸಮೇತ ಎಲ್ಲವನ್ನೂ ನೆಲಕ್ಕೆ ಇಳಿಸಿಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡದೆ ಗಾಡಿ ಎತ್ತಲೇಬೇಡಿ.

ಹುಲಿಕಲ್, ಅಂದರೆ ಬಾಳೆಬರೆ ಘಾಟಿ, ಲಾರಿ ಬಸ್ಸುಗಳ ದಾರಿ. ಅಗಲ ಸಾಲುತ್ತೆ, ತಿರುವೂ ಆಗುಂಬೆಯಷ್ಟು ಬಿಗಿ ಇಲ್ಲ. ಆದರೆ ಭಾರದ ಲಾರಿ ಹಿಂದೆ ಸಿಕ್ಕಿಕೊಂಡರೆ ಕೆಳಗಿನವರೆಗೂ ಅದರ ಹೊಗೆಯೇ ಗತಿ. ಚಂಡಿಕಾಂಬಾ ಗುಡಿ ಹತ್ತಿರ ಡ್ರೈವರ್‌ಗಳೆಲ್ಲ ನಿಲ್ಲಿಸಿ ಕೈಮುಗಿದು ಹೋಗ್ತಾರೆ, ಎಂಜಿನ್ನಿಗೂ ಬ್ರೇಕಿಗೂ ಅಷ್ಟು ಹೊತ್ತು ವಿಶ್ರಾಂತಿ. ಹೊಸಂಗಡಿ ಹೋಟೆಲಿನಲ್ಲಿ ಸಿಕ್ಕ ಲಾರಿ ಡ್ರೈವರ್ ನಮ್ಮ ಗಾಡಿ ಸುತ್ತ ಒಂದು ಸುತ್ತು ಬಂದು, "ಬ್ರೇಕ್ ಮೇಲೆ ಕಾಲ್ ಇಡ್ಬೇಡಿ ಮಾರಾಯ್ರೆ, ಗೇರಲ್ಲೇ ಇಳ್ಸಿ" ಅಂದ್ರು. ಹತ್ತುವ ಗೇರಲ್ಲೇ ಇಳೀಬೇಕು ಅನ್ನೋ ಈ ಪಾಠ ಪುಸ್ತಕದಲ್ಲೂ ಇದೆ, ಆದರೆ ದಿನಾ ಇಳಿಯುವವರ ಬಾಯಲ್ಲಿ ಕೇಳಿದ್ದು ನೆನಪಲ್ಲಿ ನಿಲ್ಲುತ್ತೆ. ಕುಂದಾಪುರಕ್ಕೆ ಬೇಗ ಮುಟ್ಟಬೇಕಿದ್ದರೆ ಇದು ಒಳ್ಳೆ ದಾರಿ, ಪ್ರವಾಸಕ್ಕಲ್ಲ.

ಗೇರುಸೊಪ್ಪ ನನಗೆ ಇಷ್ಟವಾಗಿದ್ದು ಅದರ ನಿಧಾನಕ್ಕೆ. ಸಾಗರ, ತಾಳಗುಪ್ಪ, 253 ಮೀಟರ್ ಎತ್ತರದಿಂದ ಬೀಳುವ ಜೋಗ, ಮಾವಿನಗುಂಡಿ, ಆಮೇಲೆ ಶರಾವತಿ ಕಣಿವೆ. ಇಳಿಜಾರು ಉದ್ದಕ್ಕೆ ಹಂಚಿಹೋಗಿದೆ, ಬಹುಪಾಲು ಮೂರನೇ ಗೇರಿನಲ್ಲೇ ಇಳಿಯಬಹುದು. ಬ್ರೇಕ್ ಸುಟ್ಟ ವಾಸನೆ ಬರದೆ ಹೊನ್ನಾವರ ಮುಟ್ಟಿದ್ದು ಈ ದಾರಿಯಲ್ಲಿ ಮಾತ್ರ. ಕೆಳಗೆ ಇಳಿದ ಕೂಡಲೇ ಕಾಸರಕೋಡು ಕಡಲತೀರ. 2020ರಲ್ಲಿ ಬ್ಲೂ ಫ್ಲಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ ಜಾಗ, ಶೌಚಾಲಯ, ಸ್ನಾನದ ವ್ಯವಸ್ಥೆ ಎರಡೂ ಇವೆ. ವ್ಯಾನಿನಲ್ಲಿ ಬದುಕುವವರಿಗೆ ಸಮುದ್ರಕ್ಕಿಂತ ಮೊದಲು ಬೇಕಾಗೋದು ಇದೇ.

ಅಲ್ಲಿಂದ ದಕ್ಷಿಣಕ್ಕೆ ಹೆದ್ದಾರಿ 66. ಮುರುಡೇಶ್ವರ, ಭಟ್ಕಳ, ಬೈಂದೂರು. ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು. ಫೋಟೋ ನೋಡಿ ಅಲ್ಲೇ ರಾತ್ರಿ ಉಳಿಯೋಣ ಅಂತ ಬಹಳ ಜನ ಅಂದುಕೊಳ್ತಾರೆ. ಬೇಡ. ಹೆದ್ದಾರಿ ಪಕ್ಕದಲ್ಲೇ ಇದೆ, ರಾತ್ರಿಯಿಡೀ ಲಾರಿ. ಮೇಲಿಂದ ಕರಾವಳಿಯ ಸೆಕೆ. ತಗಡಿನ ಗಾಡಿ ಒಳಗೆ ಫ್ಯಾನ್ ಹಾಕಿಕೊಂಡರೂ ಬೆವರು ಆರಲ್ಲ.

ಹಾಗಾಗಿ ಸಂಜೆಯೊಳಗೆ ಕೊಲ್ಲೂರು ದಾಟಿ ನಾಗೋಡಿ ಹತ್ತಿಬಿಡಿ. ಕಾಡಿನ ನಡುವಿನ ಘಾಟಿ, ಮಧ್ಯೆ ಎಲ್ಲೂ ರಾತ್ರಿ ತಂಗೋ ಯೋಚನೆ ಬೇಡ. ಮೇಲೆ ಬಂದ ಮೇಲೆ ನಗರ (ಹಳೆಯ ಬಿದನೂರು), ಹೊಸನಗರ ಕಡೆ ಹೋಗಬಹುದು, ಇಲ್ಲವೇ ತುಮರಿ, ಸಿಗಂದೂರು ಕಡೆ ಹೊರಳಿಕೊಳ್ಳಬಹುದು. ಎರಡನೆಯದು ಈಗ ತಾನೇ ತೆರೆದುಕೊಂಡ ದಾರಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದ ಮೇಲೆ ಹಿನ್ನೀರಿನ ಆಚೆ ಉಳಿದ ಊರುಗಳಿಗೆ ಸಾಗರ ಮುಟ್ಟೋಕೆ ಜನ, ವಾಹನ ದಾಟಿಸುವ ದೋಣಿ, ಅಂದರೆ ಲಾಂಚೇ ಆಧಾರವಾಗಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು. ಎರಡು ಕಿಲೋಮೀಟರ್ ಮೀರಿದ ಸೇತುವೆ ಮೇಲೆ ವ್ಯಾನ್ ಓಡಿಸುವಾಗ, ರಾತ್ರಿ ಹೊತ್ತು ಬಸುರಿಯನ್ನೋ ರೋಗಿಯನ್ನೋ ಕರೆದುಕೊಂಡು ದಡದಲ್ಲಿ ಕಾದ ಅಲ್ಲಿನ ಜನ ನೆನಪಾಗಿ ಗಂಟಲು ಕಟ್ಟಿತು. ತುಮರಿ ಕಡೆ ರಸ್ತೆ ಕಿರಿದು, ಎದುರು ಗಾಡಿ ಬಂದರೆ ಒಬ್ಬರು ಮಣ್ಣಿಗೆ ಇಳೀಬೇಕು. ಬೆಳಕಿರುವಾಗಲೇ ದಾಟಿ.

ರಾತ್ರಿಗೆ ಸಾಗರ, ಹೊಸನಗರ ಸುತ್ತಿನ ಹೋಂಸ್ಟೇಗಳ ಅಂಗಳವೇ ಒಳ್ಳೇದು. ಬಾಡಿಗೆ ಕೊಟ್ಟರೆ ನೀರು, ಬಚ್ಚಲು, ಬೆಳಿಗ್ಗೆ ಬಿಸಿ ದೋಸೆ ಸಿಗುತ್ತೆ. ಆದರೆ ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳ ತುಂಬ ಅಡಿಕೆ ಹರವಿರ್ತಾರೆ, ಮೊದಲೇ ಫೋನ್ ಮಾಡಿ ಜಾಗ ಇದೆಯಾ ಅಂತ ಕೇಳಿ. ನಾವು ಉಳಿದ ಒಂದು ಮನೆಯಲ್ಲಿ ಅಜ್ಜಿಗೆ ಈ ವ್ಯವಸ್ಥೆ ಹಿಡಿಸಲೇ ಇಲ್ಲ. "ಇಷ್ಟು ದೊಡ್ಡ ಜಗಲಿ ಇದೆ, ಗಾಡೀಲಿ ಯಾಕೆ ಮಲಗ್ತಿ ಮಗಾ" ಅಂತ ಕಂಬಳಿ ತಂದು ಹಾಸಿಯೇಬಿಟ್ಟರು.

ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಹಾಸಿಗೆಗೆ ಬೂಷ್ಟು ಹಿಡಿಯುತ್ತೆ, ಬಾಗಿಲು ತೆಗೆದರೆ ಇಂಬಳ (ಜಿಗಣೆ), ಧರೆ ಕುಸಿದರೆ ಘಾಟಿಯೇ ಬಂದ್. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಲೇಬೇಕಾದರೆ ಶಿವಮೊಗ್ಗ, ಉಡುಪಿ, ಉತ್ತರ ಕನ್ನಡ ಜಿಲ್ಲಾಧಿಕಾರಿಗಳ ಸಂಚಾರ ನಿರ್ಬಂಧದ ಆದೇಶವನ್ನು ಹೊರಡುವ ದಿನ ಬೆಳಿಗ್ಗೆಯೇ ನೋಡಿಕೊಳ್ಳಿ.