ಎಂಜಿನ್ ಬೋಟಿನಲ್ಲಿ ಪದ್ಯ ಕೇಳಬೇಕಾದರೆ: ದೊಡ್ಡ ಆಂಪೋ, ಹಾರ್ನ್ ಸ್ಪೀಕರೋ, ಫೋಮೋ?

ದುಡ್ಡು ಹಾಕುವುದಾದರೆ ಮೊದಲು ಎಂಜಿನ್ ಬಾಕ್ಸಿಗೆ ಹಾಕಿ. ಸ್ಪೀಕರ್, ಆಂಪ್ಲಿಫೈಯರ್ ಎಲ್ಲ ಆಮೇಲೆ. ಹೊನ್ನಾವರದ ಶರಾವತಿ ಹೊಳೆಯಲ್ಲಿ ಓಡುವ ನಮ್ಮ ಮನೆಯ ಬೋಟಿನಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ದೊಡ್ಡ ಆಂಪ್, ಛಾವಣಿ ಪೈಪಿಗೆ ಕಟ್ಟುವ ಹಾರ್ನ್ ಸ್ಪೀಕರ್, ಬೆಂಚಿನ ಒರಗಿನಲ್ಲಿ ಕೂರಿಸುವ ಸ್ಪೀಕರ್, ಬ್ಲೂಟೂತ್ ಡಬ್ಬ, ಸಬ್‌ವೂಫರ್, ಎಂಜಿನ್ ಬಾಕ್ಸಿನ ಒಳಗೆ ಫೋಮ್. ಎಲ್ಲವನ್ನೂ ಅದೇ ಬೋಟಿನಲ್ಲಿ, ಅದೇ ಹೊಳೆಯಲ್ಲಿ, ಅದೇ ಯಕ್ಷಗಾನದ ಪದ್ಯ ಹಾಕಿ ಕೇಳಿದ್ದೇನೆ.

ಬೋಟು ಫೈಬರಿನದು, 28 ಅಡಿ ಉದ್ದ. ನಡುವಿನಿಂದ ಸ್ವಲ್ಪ ಹಿಂದಕ್ಕೆ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಅದರ ಮೇಲೆ ಪ್ಲೈವುಡ್ ಬಾಕ್ಸ್. ಎರಡೂ ಬದಿಗೆ ಉದ್ದದ ಬೆಂಚು, ಮೇಲೆ ಪೈಪ್ ಚೌಕಟ್ಟಿನ ಛಾವಣಿ. ಬಾಡಿಗೆಗೆ ಕೊಡುವ ಬೋಟಲ್ಲ. ಮನೆಯವರು, ನೆಂಟರು ಸೇರಿದಾಗ ಅಳಿವೆ ಕಡೆಯಿಂದ ರೈಲ್ವೆ ಸೇತುವೆ ದಾಟಿ ಗೇರುಸೊಪ್ಪೆ ದಿಕ್ಕಿಗೆ ಹೋಗಿಬರುತ್ತೇವೆ. ಆ ಸೇತುವೆ 2 ಕಿಲೋಮೀಟರಿಗೂ ಜಾಸ್ತಿ ಉದ್ದ, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದದ್ದು. ಅದರ ಕೆಳಗೆ ಹೋಗುವಾಗ ಎಂಜಿನ್ ಸದ್ದು ಕಂಬಗಳಿಗೆ ಬಡಿದು ವಾಪಸ್ ಬರುತ್ತದೆ. ಯಾವ ಸಿಸ್ಟಮ್ ಗಟ್ಟಿ, ಯಾವುದು ಪೊಳ್ಳು ಅಂತ ತಿಳಿಯಲು ಅದೇ ನನ್ನ ಪರೀಕ್ಷೆಯ ಜಾಗ.

ಕೇಳಲು ಇಟ್ಟುಕೊಂಡದ್ದು ಮೂರು ಬಗೆಯದು. ಬಡಗುತಿಟ್ಟಿನ ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ), ತಾಳಮದ್ದಳೆಯ ಅರ್ಥಗಾರಿಕೆ (ಮಾತುಗಾರಿಕೆ), ಒಂದಿಷ್ಟು ಸಿನಿಮಾ ಹಾಡು. ಯಕ್ಷಗಾನದ ಇಡಗುಂಜಿ ಮೇಳ 1934ರಲ್ಲಿ ಕಟ್ಟಿಕೊಂಡ ತಾಲ್ಲೂಕು ನಮ್ಮದು. ಇಲ್ಲಿ ಬೋಟಿನಲ್ಲೂ ಪದ್ಯವೇ ಬೇಕು. ಅದರಲ್ಲೂ ತಾಳಮದ್ದಳೆ ತುಂಬ ಒಳ್ಳೆಯ ಪರೀಕ್ಷೆ. ವೇಷ, ಕುಣಿತ ಇಲ್ಲ, ಹೆಚ್ಚಿನದು ಮಾತು. ಮಾತು ಅರ್ಥವಾದರೆ ಸಿಸ್ಟಮ್ ಸರಿ ಇದೆ, ಆಗದಿದ್ದರೆ ಇಲ್ಲ. ಸಿನಿಮಾ ಹಾಡು ಹಾಗಲ್ಲ, ಗೊತ್ತಿರುವ ಹಾಡಾದರೆ ಅರ್ಧ ಕೇಳಿಸಿದರೂ ಉಳಿದರ್ಧವನ್ನು ನಮ್ಮ ತಲೆಯೇ ತುಂಬಿಕೊಳ್ಳುತ್ತದೆ.

ಎಂಜಿನ್ ಏನು ಮಾಡುತ್ತದೆ ಅಂತ ಮೊದಲು ನೋಡೋಣ. ಎರಡು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 33 ಸಲ ಸಿಡಿಯುತ್ತದೆ. ಅಂದರೆ 33 ಹರ್ಟ್ಸ್‌ನ ಗುಡುಗು. ಅದರ ಜೊತೆಗೆ 66, 100, 133 ಹೀಗೆ ಮೇಲಿನ ಮಟ್ಟಗಳು. ಮದ್ದಳೆಯ ದಪ್ಪ ಪೆಟ್ಟು ಅಲ್ಲೇ ಮುಳುಗಿಹೋಗುತ್ತದೆ. ಇನ್ನು ಡೀಸೆಲ್ಲಿನ ಟಕಟಕ, ಗೇರಿನ ಕಿರುಚು, ಇವು ಮೇಲಿನ ಮಟ್ಟಕ್ಕೂ ಏರಿ ಮಾತಿನ ವ್ಯಂಜನಗಳನ್ನು ನುಂಗುತ್ತವೆ. ಚಂಡೆ ಮಾತ್ರ ಎಲ್ಲದರ ಮೇಲೆ ತೇಲಿ ಕಿವಿಗೆ ಬರುತ್ತದೆ. ಹಾಗಾಗಿ ನಮ್ಮ ಬೋಟಿನಲ್ಲಿ ಮೊದಲು ಕೇಳಿಸುತ್ತಿದ್ದದ್ದು ಚಂಡೆ ಮತ್ತು ಎಂಜಿನ್ ಎರಡೇ. ಭಾಗವತರು ಏನು ಹೇಳಿದರು ಅಂತ ಮುಂದೆ ಕೂತ ಅತ್ತೆಗೆ ಗೊತ್ತೇ ಆಗುತ್ತಿರಲಿಲ್ಲ.

ಇಂಥ ಕಡೆ ಎಲ್ಲರೂ ಮೊದಲು ಹೇಳುವ ಮದ್ದು ದೊಡ್ಡ ಆಂಪ್. ಕಾರಿನ ಸ್ಟೀರಿಯೋ ಸೆಟ್ಟು ಒಂದು ಚಾನೆಲ್ಲಿಗೆ ನಿಜವಾಗಿ ಕೊಡುವುದು ಸುಮಾರು 20 ವ್ಯಾಟ್. ಡಬ್ಬದ ಮೇಲೆ ಬರೆದ ದೊಡ್ಡ ಅಂಕಿಯನ್ನು ನಂಬಬೇಡಿ, ಆರ್‌ಎಂಎಸ್ (ಒಂದೇ ಸಮ ಕೊಡುವ ವ್ಯಾಟ್) ಅಂತ ಬರೆದದ್ದನ್ನು ಮಾತ್ರ ನೋಡಿ. ನಾನು 100 ವ್ಯಾಟ್ ಆರ್‌ಎಂಎಸ್‌ನ ನಾಲ್ಕು ಚಾನೆಲ್ ಆಂಪ್ ಹಾಕಿ ನೋಡಿದೆ. ವ್ಯಾಟ್ ಐದು ಪಟ್ಟು, ಆದರೆ ಸದ್ದಿನ ಅಳತೆಯಲ್ಲಿ ಏರಿದ್ದು 7 ಡೆಸಿಬಲ್. ವ್ಯಾಟ್ ಎರಡು ಪಟ್ಟಾದರೆ 3 ಡೆಸಿಬಲ್ ಏರುತ್ತದೆ, ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ಬೇಕು. ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ವ್ಯಾಟ್ ಹೇಳಿ ನಿಮ್ಮನ್ನು ಮರುಳು ಮಾಡಲಾಗದು.

ಪದ್ಯ ಕೇಳಿಸಿತಾ? ಕೇಳಿಸಿತು. ಆದರೆ ಎಂಜಿನ್ ಸದ್ದೂ ಹಾಗೇ ಇತ್ತು, ಅದರ ಮೇಲೆ ಇನ್ನೊಂದು ಸದ್ದು ಕೂತಿತು. ಬೋಟಿನಲ್ಲಿ ಒಬ್ಬರಿಗೊಬ್ಬರು ಮಾತಾಡಲು ಕೂಗಬೇಕು. ಕಿವಿಯ ಲೆಕ್ಕವೂ ಇದೆ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧವಾಗುತ್ತದೆ. 94 ಆದರೆ ಒಂದೇ ಗಂಟೆ. ಮಕ್ಕಳು, ವಯಸ್ಸಾದವರು ಕೂರುವ ಬೋಟಿನಲ್ಲಿ ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಬರೀ ಆಂಪ್ ಬದಲಿಸುವ ದಾರಿಗೆ ನನ್ನ ಮತ ಇಲ್ಲ.

ಹಾರ್ನ್ ಸ್ಪೀಕರ್ ಅಂದರೆ ಛಾವಣಿ ಪೈಪಿಗೆ ಕ್ಲಾಂಪ್ ಹಾಕಿ ಕಟ್ಟುವ ಗುಂಡನೆಯ ಪಾಡ್. ಒಳಗಿನ ಟ್ವೀಟರಿಗೆ (ಕೀಚು ದನಿಯ ಸಣ್ಣ ಸ್ಪೀಕರಿಗೆ) ಹಾರ್ನ್ ಬಾಯಿ ಇರುತ್ತದೆ. ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವವರಿಗೆ ಕೇಳಿಸಲಿ ಅಂತ ಮಾಡಿದ್ದು ಇದು. ಹಾಗಾಗಿ ಸದ್ದನ್ನು ದೂರ ಎಸೆಯುವುದೇ ಇದರ ಗುಣ. ಅದೇ ವ್ಯಾಟಿಗೆ ಮಾಮೂಲಿ ಸ್ಪೀಕರಿಗಿಂತ ಎಷ್ಟೋ ಜೋರು. ಸೇತುವೆ ಕೆಳಗೂ ಭಾಗವತರ ದನಿ ಮೇಲೆದ್ದು ನಿಂತಿತು. ಎಂಜಿನ್ನನ್ನು ಗೆಲ್ಲುವುದೊಂದೇ ಗುರಿಯಾದರೆ ಇದಕ್ಕೆ ಸಾಟಿ ಇಲ್ಲ.

ಆದರೆ ದನಿ ಚುಚ್ಚುತ್ತದೆ. ಚಂಡೆ ಬಂದಾಗಲೆಲ್ಲ ಕೆಳಗೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕಿಂತ ಮುಖ್ಯವಾದದ್ದು, ಚುಕ್ಕಾಣಿ ಹಿಡಿದವನ ತಲೆಯ ಮೇಲೇ ಪಾಡ್ ಇದ್ದರೆ ಬೇರೆ ಬೋಟಿನವರ ಹಾರ್ನ್ ಅವನಿಗೆ ಕೇಳಿಸುವುದಿಲ್ಲ. ಇದು ಅಪಾಯ. ದಡದ ಮನೆಗಳವರೂ ಇದ್ದಾರೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಹಕ್ಕಿಗಳೂ ಇವೆ. ನೀರಿನ ಮೇಲೆ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಹೊಳೆದಂಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಾವು ಕೇಳುವ ಪದ್ಯ ನಮ್ಮ ಬೋಟಿನ ಒಳಗೇ ಉಳಿಯಬೇಕು, ಅಲ್ವಾ? ಪಾಡ್ ಬಿಚ್ಚಿಟ್ಟೆ.

ಎಂಜಿನ್ ಬಾಕ್ಸಿನ ಮಾತು ಹೇಳಿದವರು ನಮ್ಮ ಎಂಜಿನ್ ನೋಡುವ ಮೇಸ್ತ್ರಿ. "ತಮ್ಮಾ, ಮೊದ್ಲು ಈ ಪೆಟ್ಟಿಗೆ ಸರಿ ಮಾಡ್ಸು. ಪದ್ಯ ಆಮೇಲೆ ಕೇಳು" ಅಂದರು. "ಫೋಮ್ ಹಚ್ಚಿದ್ರೆ ಎಂಜಿನ್ ಬಿಸಿ ಆಗೂದಿಲ್ವಾ ಮೇಸ್ತ್ರಿ?" ಅಂತ ಕೇಳಿದ್ದಕ್ಕೆ, "ಗಾಳಿ ದಾರಿ ಬಿಟ್ಟು ಹಚ್ಚು, ಅಷ್ಟೇ" ಅಂದರು.

ಈ ಕೆಲಸದಲ್ಲಿ ಫೋಮಿಗಿಂತ ಮೊದಲು ನೋಡಬೇಕಾದದ್ದು ಸಂದು. ಕತ್ತಲಾದ ಮೇಲೆ ಬಾಕ್ಸಿನ ಒಳಗೆ ಟಾರ್ಚ್ ಹೊತ್ತಿಸಿಟ್ಟು ಮುಚ್ಚಳ ಹಾಕಿ. ಎಲ್ಲೆಲ್ಲಿ ಬೆಳಕು ಇಣುಕುತ್ತದೋ ಅಲ್ಲೆಲ್ಲ ಸದ್ದು ಹೊರಗೆ ಬರುತ್ತಿದೆ ಅಂತ ಅರ್ಥ. ನಮ್ಮ ಮುಚ್ಚಳದ ಒಂದು ಅಂಚಿನುದ್ದಕ್ಕೂ ಬೆರಳು ತೂರುವಷ್ಟು ಸಂದು ಇತ್ತು. ವೈರು, ಡೀಸೆಲ್ ಪೈಪು ಹೋಗುವ ತೂತುಗಳು ಬೇರೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ಗಟ್ಟಿ ಇರಲಿ, 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲು ಆಗದು. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ತಂದು ಅಂಚಿಗೆಲ್ಲ ಹಚ್ಚಿದೆ, ಮುಚ್ಚಳವನ್ನು ಬಿಗಿಯಾಗಿ ಎಳೆದು ಹಿಡಿಯುವ ಕ್ಲಿಪ್ ಹಾಕಿಸಿದೆ. ಇಷ್ಟಕ್ಕೇ ಫರಕು ಗೊತ್ತಾಯಿತು.

ಆಮೇಲೆ ಒಳಗೋಡೆಗೆ ಮೂರು ಪದರದ ಹಾಳೆ. ಒಂದು ಪದರ ಫೋಮ್, ನಡುವೆ ತೂಕದ ವಿನೈಲ್, ಮತ್ತೆ ಫೋಮ್, ಮುಖಕ್ಕೆ ಅಲ್ಯೂಮಿನಿಯಂ ಫಾಯಿಲ್. ಸದ್ದನ್ನು ತಡೆಯುವುದು ತೂಕ. ಬರೀ ಫೋಮ್ ಒಳಗಿನ ಮಾರ್ದನಿಯನ್ನು ಹೀರುತ್ತದೆ, ಗೋಡೆ ದಾಟುವುದನ್ನು ತಡೆಯುವುದಿಲ್ಲ. ಮೊಟ್ಟೆ ಟ್ರೇ, ಥರ್ಮೋಕೋಲ್ ಅಂಟಿಸುವವರಿದ್ದಾರೆ, ಅದರಿಂದ ಏನೂ ಆಗದು, ಬೆಂಕಿಯ ಭಯ ಬೇರೆ. ಬೆಂಕಿ ಹತ್ತದ ಜಾತಿಯ ಫೋಮನ್ನೇ ಕೇಳಿ ತನ್ನಿ. ಫಾಯಿಲ್ ಮುಖ ಯಾಕೆಂದರೆ ಡೀಸೆಲ್, ಎಣ್ಣೆ ಫೋಮಿಗೆ ಇಳಿಯಬಾರದು. ಅಂಟನ್ನು ಮಾತ್ರ ನಂಬಬೇಡಿ, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಹೊಡೆಯಿರಿ. ಗಾಳಿ ಹೋಗುವ ದಾರಿಯನ್ನು ನೇರ ತೂತು ಬಿಡದೆ, ಒಳಗೆ ಫೋಮ್ ಹಚ್ಚಿದ ಬಾಗಿದ ಕೊಳವೆ ಮಾಡಿಸಿ. ಗಾಳಿ ಬಾಗಿ ಹೋಗುತ್ತದೆ, ಸದ್ದು ಗೋಡೆಗೆ ಬಡಿದು ಕುಗ್ಗುತ್ತದೆ. ಮೊದಮೊದಲು ಟೆಂಪರೇಚರ್ ಮೀಟರಿನ ಮೇಲೆ ಒಂದು ಕಣ್ಣಿರಲಿ.

ಸದ್ದು ಅಳೆಯುವ ಮೊಬೈಲ್ ಆಪ್‌ನಲ್ಲಿ ನಡುಬೆಂಚಿನ ಹತ್ತಿರ 88 ಡೆಸಿಬಲ್ ತೋರಿಸುತ್ತಿದ್ದದ್ದು 80ಕ್ಕೆ ಇಳಿಯಿತು. ಆಪ್ ತೋರಿಸುವ ಅಂಕಿ ಕರಾರುವಾಕ್ಕಲ್ಲ, ಆದರೆ ಅದೇ ಫೋನು, ಅದೇ ಜಾಗ, ಅದೇ ಆರ್‌ಪಿಎಂ ಆದ್ದರಿಂದ ವ್ಯತ್ಯಾಸವನ್ನು ನಂಬಬಹುದು. ಈ 8 ಡೆಸಿಬಲ್ ಅನ್ನು ಆಂಪ್‌ನಿಂದ ಗಳಿಸಬೇಕಾದರೆ ವ್ಯಾಟ್ ಆರು ಪಟ್ಟಿಗೂ ಜಾಸ್ತಿ ಬೇಕು. ಇಲ್ಲಿ ಕಿವಿಗೆ ಭಾರವಾಗದೆ ಅದು ಸಿಕ್ಕಿತು. ಪಕ್ಕದವರ ಹತ್ತಿರ ಮಾಮೂಲಿ ದನಿಯಲ್ಲಿ ಮಾತಾಡಬಹುದು. ಅದೇ ಹಳೆಯ ಸ್ಪೀಕರಿನಲ್ಲೇ ಅರ್ಥಗಾರಿಕೆಯ ಮಾತು ಹೆಚ್ಚುಕಡಿಮೆ ಪೂರ್ತಿ ತಿಳಿಯಿತು. ಕೆಳಗಿನ ಗುಡುಗು ಮಾತ್ರ ಹಾಗೇ ಉಳಿದಿದೆ. ಅದು ಎಂಜಿನ್ ಕೂತ ಮರದಿಂದ ಇಡೀ ಬೋಟಿಗೆ ಹರಡುವ ನಡುಕ, ಫೋಮಿಗೆ ಬಗ್ಗುವುದಲ್ಲ. ರಬ್ಬರ್ ಮೌಂಟ್ ಗಟ್ಟಿಯಾಗಿದ್ದರೆ ಬದಲಿಸಬೇಕು, ಶಾಫ್ಟಿನ ನೇರ ನೋಡಿಸಬೇಕು.

ಇದಾದ ಮೇಲೆ ಸ್ಪೀಕರಿನ ಜಾಗ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. 3 ಮೀಟರ್ ದೂರದ ಸ್ಪೀಕರನ್ನು 75 ಸೆಂಟಿಮೀಟರಿಗೆ ತಂದರೆ 12 ಡೆಸಿಬಲ್ ಲಾಭ. ಅಂದರೆ ಅಲ್ಲಿ 160 ವ್ಯಾಟ್ ಮಾಡುವ ಕೆಲಸವನ್ನು ಇಲ್ಲಿ 10 ವ್ಯಾಟ್ ಮಾಡುತ್ತದೆ. ಮುಂದಿನ ತುದಿಯಲ್ಲಿದ್ದ ಎರಡು ಸ್ಪೀಕರ್ ತೆಗೆದು, ಆರೂವರೆ ಇಂಚಿನ ನಾಲ್ಕನ್ನು ಬೆಂಚಿನ ಒರಗಿನಲ್ಲಿ ಹಂಚಿ ಕೂರಿಸಿದೆ. ದೊಡ್ಡ ಆಂಪ್ ಇದ್ದರೂ ಈಗ ವಾಲ್ಯೂಮ್ ಅರ್ಧ ದಾಟುವುದಿಲ್ಲ.

ಕೂರಿಸುವಾಗ ಎರಡು ಮಾತು ನೆನಪಿರಲಿ. ಬೆಂಚಿನ ಒಳಗೆ ಪೊಳ್ಳು ಇದ್ದರೆ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ, ಹಿಂದೆ ಸಣ್ಣ ಪೆಟ್ಟಿಗೆ ಕಟ್ಟಿಸಿ. ಇನ್ನೊಂದು, ಸಿಸ್ಟಮನ್ನು ಮೋನೋ ಮಾಡಿ, ಎಲ್ಲ ಸ್ಪೀಕರಿನಲ್ಲೂ ಒಂದೇ ದನಿ ಬರಲಿ. ಸ್ಟೀರಿಯೋ ಇದ್ದಾಗ ಎಡಬೆಂಚಿನವರಿಗೆ ಒಂದು ಚಾನೆಲ್, ಬಲಬೆಂಚಿನವರಿಗೆ ಇನ್ನೊಂದು. ಒಂದು ಧ್ವನಿಮುದ್ರಣದಲ್ಲಿ ಚಂಡೆ ಎಲ್ಲ ಒಂದೇ ಕಡೆ ಬಿದ್ದು, ಆ ಬದಿಗೆ ಕೂತವರಿಗೆ ಭಾಗವತರೇ ಸಿಗಲಿಲ್ಲ. ಆಂಪ್‌ನಲ್ಲಿ ಕೆಳಗಿನ ದಪ್ಪ ದನಿಯನ್ನು ತಡೆಯುವ ಹೈಪಾಸ್ ಸ್ವಿಚ್ ಇರುತ್ತದೆ, ಅದನ್ನು 100 ಹರ್ಟ್ಸ್‌ಗೆ ಇಡಿ. ಎಂಜಿನ್ ಹೇಗೂ ನುಂಗುವ ಬೇಸ್‌ಗಾಗಿ ಸ್ಪೀಕರ್ ಒದ್ದಾಡುವುದು ನಿಂತು ದನಿ ತಿಳಿಯಾಗುತ್ತದೆ.

ಕಾರಿನ ಸ್ಪೀಕರೋ, ಮರೀನ್ ಸ್ಪೀಕರೋ? ಉಪ್ಪುಗಾಳಿಯಲ್ಲಿ ಮರೀನ್ ಸ್ಪೀಕರೇ ಸರಿ. ಕಾಗದದ ಕೋನ್ ತೇವಕ್ಕೆ ಉಬ್ಬುತ್ತದೆ, ಹಿಂದಿನ ಟರ್ಮಿನಲ್ ಹಸಿರುಗಟ್ಟುತ್ತದೆ. ಮರೀನ್ ಅಂದರೆ ಪ್ಲಾಸ್ಟಿಕ್ ಕೋನ್, ರಬ್ಬರ್ ಅಂಚು, ಬಿಸಿಲಿಗೆ ಪುಡಿಯಾಗದ ಜಾಲರಿ. ವೈರು ತವರ ಲೇಪದ ತಾಮ್ರದ್ದೇ ಇರಲಿ. ಆಂಪ್‌ನ ಫ್ಯೂಸು ಬ್ಯಾಟರಿಯಿಂದ 7 ಇಂಚಿನ ಒಳಗಿರಬೇಕು, ಅಮೆರಿಕದ ಬೋಟಿನವರು ಪಾಲಿಸುವ ಎಬಿವೈಸಿ ನಿಯಮ ಹೀಗಿದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಪದ್ಯ ಕೇಳಬೇಡಿ, ಬೇರೆ ಬ್ಯಾಟರಿ ಇಡಿ. ಸ್ಪೀಕರಿನ ಆಯಸ್ಕಾಂತ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ, ಅಳಿವೆ ದಾಟಿ ಹೊರಗೆ ಹೋಗುವವರು ಎರಡನ್ನೂ ದೂರದೂರ ಇಡಬೇಕು.

ಬ್ಲೂಟೂತ್ ಡಬ್ಬ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಿಂತಿತು. ಕಾರಣ ಅದೇ, ಹತ್ತಿರ. ನಾಲ್ಕೈದು ಜನರ ನಡುವೆ ಇಟ್ಟರೆ ಸಾಕು. ವೈರಿಲ್ಲ, ತೂತಿಲ್ಲ, ಮನೆಗೆ ತರಬಹುದು. ವೇಗ ಹೆಚ್ಚಿಸಿದಾಗ ವಾಲ್ಯೂಮ್ ಪೂರ್ತಿ ಏರಿಸಿದರೆ ದನಿ ಒತ್ತಿದ ಹಾಗಾಗುತ್ತದೆ, ಆದರೆ ಎಂಜಿನ್ ಬಾಕ್ಸ್ ಸರಿಮಾಡಿದ ಬೋಟಿನಲ್ಲಿ ಆ ಪ್ರಮೇಯ ಅಪರೂಪ. ಜಾಸ್ತಿ ಖರ್ಚು ಬೇಡ ಅನ್ನುವವರಿಗೆ ಬಾಕ್ಸಿಗೆ ಫೋಮ್, ಜೊತೆಗೆ ಇದೊಂದು. ಚಾರ್ಜಿಂಗ್ ಮುಚ್ಚಳದ ಸುತ್ತಲಿನ ಉಪ್ಪನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸುತ್ತಿರಿ.

ಸಬ್‌ವೂಫರ್ ಬೇಡ. ಕಾರಿನಲ್ಲಿ ಮುಚ್ಚಿದ ಜಾಗ ಬೇಸ್ ಅನ್ನು ಎತ್ತಿ ಕೊಡುತ್ತದೆ, ತೆರೆದ ಬೋಟಿನಲ್ಲಿ ಅದು ಗಾಳಿಗೆ ಹೋಗುತ್ತದೆ. ಎಂಜಿನ್ ನಿಲ್ಲಿಸಿ ಲಂಗರು ಹಾಕಿದಾಗ ಮಾತ್ರ ಮದ್ದಳೆ ತುಂಬಿ ಬಂತು.

ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದೆ ಹೊರಗೆ ಕಟ್ಟುವಂಥದ್ದು) ಇರುವವರಿಗೆ ಈ ಬಾಕ್ಸಿನ ದಾರಿ ಇಲ್ಲ. ಎಂಜಿನ್ನಿನ ಮುಚ್ಚಳದ ಒಳಗೆ ಫೋಮ್ ತುರುಕಲು ಹೋಗಬೇಡಿ, ಗಾಳಿ ಕಟ್ಟುತ್ತದೆ. ಹಳೆಯ ಟೂ ಸ್ಟ್ರೋಕ್ ಇದ್ದರೆ ಫೋರ್ ಸ್ಟ್ರೋಕಿಗೆ ಬದಲಿಸುವಾಗ ಸಿಗುವ ನೆಮ್ಮದಿಯನ್ನು ಯಾವ ಸ್ಪೀಕರೂ ಕೊಡದು. ಅದಾಗುವ ತನಕ ಸ್ಪೀಕರನ್ನು ಹಿಂದಿನ ತುದಿಯಿಂದ ತೆಗೆದು ಬೆಂಚಿನ ಒರಗಿಗೆ ತನ್ನಿ, ಮೋನೋ ಮಾಡಿ, ಹೈಪಾಸ್ ಹಾಕಿ, ವೇಗವನ್ನು ಸ್ವಲ್ಪ ಇಳಿಸಿ ಓಡಿಸಿ. ಆರ್‌ಪಿಎಂ ಸ್ವಲ್ಪ ಇಳಿಸಿದರೂ ಕಿವಿಗೆ ಗೊತ್ತಾಗುತ್ತದೆ.