ಹೊಸ ಬಣ್ಣ ನೋಡಿ ಮನೆ ಕೊಂಡು ಕೆಟ್ಟೆವು

ಸಿಂಧನೂರು ಕಡೆ ಮನೆ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾವು ಕೊಟ್ಟಮೇಲೆ ಕಲಿತೆವು.

ಹೋದ ವರ್ಷ ಏಪ್ರಿಲ್‌ನಲ್ಲಿ ಏಳು ವರ್ಷದ ಮನೆಯೊಂದನ್ನು ನೋಡಿದೆವು. ಮೊದಲು ಭತ್ತದ ಗದ್ದೆಯಾಗಿದ್ದ ಲೇಔಟ್. ಒಳಗೆ ಹೊರಗೆ ಹೊಸ ಬಣ್ಣ, ಹಾಲ್‌ನಲ್ಲಿ ಇನ್ನೂ ಪೇಂಟಿನ ವಾಸನೆ. ಎಷ್ಟು ಚೊಕ್ಕವಾಗಿ ಇಟ್ಟಿದ್ದಾರೆ ಅಂತ ಮನೆಯವರೆಲ್ಲ ಮೆಚ್ಚಿದರು. ಮಾರಿ ಹೋಗುವವರು ದುಡ್ಡು ಸುರಿದು ಬಣ್ಣ ಯಾಕೆ ಹೊಡೆಸಿದರು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಓಣಿಯ ಗೌಂಡಿ ಮಾತ್ರ, "ಎರಿ ಭೂಮಿ ಐತ್ರೀ ಅಣ್ಣಾ, ಪಾಯ ಒಮ್ಮೆ ಯಾರಿಗಾದ್ರೂ ತೋರಿಸ್ರಿ" ಅಂದಿದ್ದ. ಇಂಜಿನಿಯರ್ 5 ಸಾವಿರ ಕೇಳಿದರು. ಸುಮ್ನೆ ದಂಡ ಅನ್ನಿಸಿತು. ಇಸಿ (ಋಣಭಾರ ಪತ್ರ) ತೆಗೆಸಿದ್ದೆವು, ಖಾತಾ ಸರಿ ಇತ್ತು, ಬ್ಯಾಂಕಿನ ವ್ಯಾಲ್ಯೂಯರ್ ಬಂದು ಹೋಗಿದ್ದರು, ಇನ್ನೇನು ಬೇಕು ಅಂದುಕೊಂಡೆ. ಎಡವಿದ್ದು ಇಲ್ಲೇ. ಇಸಿಯಲ್ಲಿ ಇರೋದು ನೋಂದಣಿಯಾದ ಮಾರಾಟ, ಅಡಮಾನಗಳ ಲೆಕ್ಕ. ಗೋಡೆಯ ಸುದ್ದಿ ಅದರಲ್ಲಿ ಇರಲ್ಲ. ವ್ಯಾಲ್ಯೂಯರ್ ಬರೋದು ಬ್ಯಾಂಕಿನ ಸಾಲಕ್ಕೆ ಈ ಮನೆ ಸಾಟಿಯಾಗುತ್ತಾ ಅಂತ ನೋಡೋಕೆ. ಹತ್ತು ನಿಮಿಷದಲ್ಲಿ ನಾಲ್ಕು ಫೋಟೋ ಹೊಡೆದುಕೊಂಡು ಹೊರಟರು, ಅದರ ಫೀಸು ಕೊಟ್ಟವರೂ ನಾವೇ!

ಮಳೆ ಹಿಡಿಯಿತು. ಹಿಂದಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮರ ಉಬ್ಬಿದೆ ಅಂತ ಬಡಗಿಯನ್ನು ಕರೆಸಿ ಕೆತ್ತಿಸಿದೆ. ದಸರಾ ಹೊತ್ತಿಗೆ ಕಿಟಕಿ ಮೂಲೆಯಿಂದ ಸಜ್ಜಾವರೆಗೆ ಓರೆಯಾಗಿ ಬಿರುಕು, ಐದು ರೂಪಾಯಿ ನಾಣ್ಯ ತೂರುವಷ್ಟು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹೊಲದಲ್ಲೇ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ, ಮನೆ ಕೆಳಗೂ ಅದೇ ಮಣ್ಣು ಅನ್ನೋದು ತಲೆಗೆ ಹೋಗಲಿಲ್ಲ ಅಷ್ಟೇ.

ಕಡೆಗೆ ಅದೇ ಇಂಜಿನಿಯರನ್ನು ಕರೆಸಿ ಗೋಡೆ ಪಕ್ಕ ಅಗೆಸಿದೆವು. ಪಾಯ ಎರಡೂವರೆ ಅಡಿ, ಗಟ್ಟಿ ನೆಲ ಸಿಗುವ ಮೊದಲೇ ನಿಲ್ಲಿಸಿದ್ದಾರೆ. ಪಾಯದ ಮೇಲೆ ಗೋಡೆಗಳನ್ನು ಕಟ್ಟಿ ಹಿಡಿಯುವ ಕಾಂಕ್ರೀಟ್ ಪಟ್ಟಿ (ಪ್ಲಿಂತ್ ಬೀಮ್) ಇಲ್ಲ, ಮರಂ ಅಂದರೆ ಗರಸು ಮಣ್ಣು ತುಂಬಿಸಿಲ್ಲ, ಸ್ನಾನದ ನೀರು ಬೇರೆ ಗೋಡೆ ಬುಡಕ್ಕೇ ಇಂಗುತ್ತಿದೆ. ಬಣ್ಣದ ಕೆಳಗಿನ ಲಪ್ಪಂ (ಪುಟ್ಟಿ) ಕೆರೆದರೆ ಹೊಸ ಬಿರುಕಿನ ಜಾಗದಲ್ಲೇ ಹಳೆ ಬಿರುಕು, ಸಿಮೆಂಟ್ ಮೆತ್ತಿ ಮುಚ್ಚಿದ್ದು. ಅಂದರೆ ಗೊತ್ತಿದ್ದೇ ಮಾರಿದ್ದಾರೆ, ಅಲ್ವಾ?

ವಕೀಲರ ಹತ್ತಿರ ಹೋದೆ. ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ಹೇಳಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಇದೆಯಂತೆ. ಆದರೆ ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಕೊಳ್ಳುವವರಿಗೆ ಕಾಣದಂಥ ದೋಷಕ್ಕೆ ಮಾತ್ರ ಅದು. ಅವರಿಗೆ ಗೊತ್ತಿತ್ತು ಅಂತ ನಾವೇ ರುಜುವಾತು ಮಾಡಬೇಕು. ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಇರುವ 5 ವರ್ಷದ ಹೊಣೆ ಬಿಲ್ಡರ್‌ಗಳ ಮೇಲೆ, ನಮ್ಮಂಥ ಕೈಬದಲಿ ಮನೆಗೆ ಬರಲ್ಲ.

ನೀವು ನೋಡೋಕೆ ಹೋದರೆ ಒಳಗಿನ ಬಣ್ಣ ಬಿಟ್ಟು ಮೊದಲು ಕಾಂಪೌಂಡ್ ಗೋಡೆ ನೋಡಿ, ಅದನ್ನು ಯಾರೂ ಅಷ್ಟಾಗಿ ರಿಪೇರಿ ಮಾಡಿಸಲ್ಲ. ಎಲ್ಲ ಬಾಗಿಲು ಹಾಕಿ ತೆಗೆಯಿರಿ. ಒಂದು ಮಳೆಗಾಲ ಕಾಯೋಕೆ ಆದರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯವರನ್ನು ಮರೆಯದೆ ಮಾತಾಡಿಸಿ. ನಮ್ಮ ಪಕ್ಕದ ಅಜ್ಜಿ ಮೊನ್ನೆ ಚಹಾ ಕೊಡುತ್ತಾ, "ಅವ್ರು ಎರಡು ಸಲ ಗೋಡೆ ಮೆತ್ತಿಸಿದ್ರಪ್ಪಾ, ನೀವು ಕೇಳಲೇ ಇಲ್ಲಲ್ಲ" ಅಂದರು.