ಹಗಲಿಗೆ ಡಿಆರ್‌ಎಲ್ ಸಾಕೇ, ಹೆಡ್‌ಲೈಟ್ ಬೇಕೇ?

ಕಾಸರಗೋಡಿನ ಕಡೆ ಹೊಸ ಕಾರು ಕೊಳ್ಳುವವರು, ಡಿಆರ್‌ಎಲ್ (ಹಗಲಿನಲ್ಲಿ ಕಾರು ಇತರರಿಗೆ ಕಾಣಲೆಂದು ಮುಂಭಾಗದಲ್ಲಿ ಉರಿಯುವ ದೀಪ) ಇರುವ ಮಾದರಿಗೆ ಹೆಚ್ಚು ಹಣ ಕೊಡಬೇಕೇ ಅಥವಾ ಹಗಲಿನಲ್ಲೂ ಲೋ ಬೀಮ್, ಅಂದರೆ ಹೆಡ್‌ಲೈಟಿನ ತಗ್ಗಿಸಿದ ಬೆಳಕು, ಉರಿಸಿದರೆ ಸಾಲದೇ ಎಂದು ವಿಚಾರಿಸುವುದುಂಟು.

ಡಿಆರ್‌ಎಲ್ ಎಂಜಿನ್ ಚಾಲೂ ಆದೊಡನೆ ತಾನಾಗಿ ಉರಿಯುತ್ತದೆ. ಮರೆಯುವ ಪ್ರಶ್ನೆಯೇ ಇಲ್ಲ. ಯುರೋಪಿನಲ್ಲಿ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಇದು ಕಡ್ಡಾಯ. ಚೆರ್ಕಳದಿಂದ ಮುಳ್ಳೇರಿಯದತ್ತ ಸಾಗುವ ರಸ್ತೆಯ ತಿರುವುಗಳಲ್ಲಿ, ಮರಗಳ ನೆರಳು ಬಿಸಿಲು ಬೆರೆತಿರುವಾಗ, ಎದುರಿನವರಿಗೆ ನಮ್ಮ ಕಾರು ಬೇಗ ಗೋಚರಿಸಲು ಇದು ನಿಜಕ್ಕೂ ನೆರವಾಗುತ್ತದೆ.

ಆದರೆ ಡಿಆರ್‌ಎಲ್ ರಸ್ತೆಯನ್ನು ಬೆಳಗುವುದಿಲ್ಲ, ಹೆಚ್ಚಿನ ಕಾರುಗಳಲ್ಲಿ ಅದರೊಂದಿಗೆ ಹಿಂದಿನ ಕೆಂಪು ದೀಪಗಳು ಉರಿಯುವುದೂ ಇಲ್ಲ. ಆಷಾಢದ ಮಳೆಯಲ್ಲಿ ಹೆದ್ದಾರಿ 66ರ ಮೇಲೆ ಲಾರಿಗಳು ನೀರೆರಚುತ್ತಿರುವಾಗ, ಮುಂದೆ ದೀಪ ಹೊಳೆಯುತ್ತಿದೆಯೆಂದು ಚಾಲಕರು ನೆಮ್ಮದಿಯಿಂದಿದ್ದರೂ ಹಿಂದಿನಿಂದ ಬರುವವರಿಗೆ ಕಾರು ಕಾಣದೇ ಹೋಗಬಹುದು. ಲೋ ಬೀಮ್ ಹಾಕಿದರೆ ಹಿಂದಿನ ದೀಪಗಳೂ ಉರಿಯುತ್ತವೆ. ಹ್ಯಾಲೊಜೆನ್ ಬಲ್ಬ್ ಒಂದಕ್ಕೆ ಸುಮಾರು 55 ವ್ಯಾಟ್ ಬೇಕಾದರೂ ಆ ಖರ್ಚು ಅಲ್ಪವೇ.

ಆದ್ದರಿಂದ ಡಿಆರ್‌ಎಲ್‌ಗಾಗಿಯೇ ದುಬಾರಿ ಮಾದರಿ ಆರಿಸಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಅದಿದ್ದರೂ ಮಳೆ ಹನಿಯತೊಡಗಿದೊಡನೆ ಲೋ ಬೀಮ್ ಹಾಕಿ. ಹೆಡ್‌ಲೈಟನ್ನು ತಾನಾಗಿ ಹೊತ್ತಿಸುವ ಆಟೋ ಸ್ವಿಚ್ಚನ್ನು ನಂಬಿ ಕೂರಬೇಡಿ, ಏಕೆಂದರೆ ಅನೇಕ ಕಾರುಗಳಲ್ಲಿ ಅದು ಕತ್ತಲೆಯನ್ನು ಗುರುತಿಸುತ್ತದೆಯೇ ಹೊರತು ಮಳೆಯನ್ನಲ್ಲ.